ಕುಂಬಳದ ಹೀಚು ಹಳದಿಯಾಗಿ ಉದುರುವುದೇಕೆ? ಹೂವಿನ ಸಂತಾನೋತ್ಪತ್ತಿ ಭಾಗಗಳ ಕುರಿತು ಒಂದು ಚರ್ಚೆ

ಹಿತ್ತಲಗಿಡ

ಎಲ್ಲರಿಗೂ ನಮಸ್ಕಾರ. ಹಿತ್ತಿಲಿನಲ್ಲಿ ಹಬ್ಬಿಸಿರುವ ಕುಂಬಳದ ಬಳ್ಳಿ ಮೂರು ವಾರಗಳಿಂದ ಹೂ ಬಿಡುತ್ತಿದೆ. ಮೊದಲು ಬಂದ ಹೂಗಳೆಲ್ಲ ಉದ್ದನೆಯ ತೆಳು ತೊಟ್ಟಿನ ಮೇಲೆ ಬೆಳಿಗ್ಗೆ ಅರಳಿ, ಮಧ್ಯಾಹ್ನದ ಹೊತ್ತಿಗೆ ಮುದುಡಿ ಬಿದ್ದುಹೋದವು. ಆಮೇಲೆ ಗಿಡ್ಡ ತೊಟ್ಟಿನ, ಬುಡದಲ್ಲಿ ಗೋಲಿಯಷ್ಟು ದಪ್ಪದ ಹಸಿರು ಹೀಚನ್ನು ಹೊತ್ತ ಹೂಗಳು ಕಾಣಿಸಿಕೊಂಡವು. ಕಾಯಿ ಕಚ್ಚಿತು ಎಂದು ಸಂತೋಷಪಟ್ಟೆ. ಆದರೆ ಹೂ ಬಾಡಿದ ನಾಲ್ಕೈದು ದಿನಗಳಲ್ಲಿ ಪ್ರತಿಯೊಂದು ಹೀಚೂ ತುದಿಯಿಂದ ಹಳದಿ ತಿರುಗಿ, ಮೆತ್ತಗಾಗಿ ಉದುರುತ್ತಿದೆ. ಇಲ್ಲಿಯವರೆಗೆ ಏಳು ಹೀಚುಗಳು ಹೀಗೆಯೇ ಹೋದವು.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಪರಾಗಸ್ಪರ್ಶವಾದ ಮೇಲೆ ಕಾಯಿ ಆಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇನೆ. ಇಲ್ಲಿ ಹೂ ಅರಳುವ ಮೊದಲೇ ಕಾಯಿ ಇದೆಯಲ್ಲ, ಹಾಗಾದರೆ ಪರಾಗಸ್ಪರ್ಶಕ್ಕೆ ಉಳಿದ ಕೆಲಸವೇನು? ಪಠ್ಯಪುಸ್ತಕದ ಚಿತ್ರದಲ್ಲಿ ಅಂಡಾಶಯವು ದಳಗಳ ನಡುವೆ, ಹೂವಿನ ಒಳಗೆ ಇರುತ್ತದೆ. ಇಲ್ಲಿ ಅದು ಹೂವಿನ ಕೆಳಗಿದೆ. ನಾನು ನೋಡುತ್ತಿರುವುದು ಅಂಡಾಶಯವೇ ಅಥವಾ ಬೇರೆ ಏನಾದರೂ ಭಾಗವೇ? ಬಲ್ಲವರು ದಯವಿಟ್ಟು ತಿಳಿಸಿ.

ಸಸ್ಯಬೋಧಕಿ

ನೀವು ನೋಡುತ್ತಿರುವುದು ಅಂಡಾಶಯವೇ. ಅದು ಇನ್ನೂ ಕಾಯಿಯಲ್ಲ, ಕಾಯಿಯಾಗಬಲ್ಲ ಭಾಗ ಮಾತ್ರ. ನಿಮ್ಮ ಗೊಂದಲದ ಮೂಲ ಈ ಒಂದು ವ್ಯತ್ಯಾಸದಲ್ಲಿದೆ ಎಂದು ನನಗೆ ತೋರುತ್ತದೆ.

ಪಠ್ಯದ ಚಿತ್ರದಿಂದಲೇ ಆರಂಭಿಸೋಣ. ಹೂವಿನ ಹೊರಸುತ್ತಿನಲ್ಲಿ ಹಸಿರು ಪುಷ್ಪಪತ್ರಗಳು, ಅದರ ಒಳಗೆ ಬಣ್ಣದ ದಳಗಳು ಇರುತ್ತವೆ. ಇವೆರಡೂ ಸಂತಾನೋತ್ಪತ್ತಿಗೆ ಸಹಾಯಕವೇ ಹೊರತು ಆ ಕೆಲಸವನ್ನು ತಾವೇ ಮಾಡುವುದಿಲ್ಲ. ಅವುಗಳ ಒಳಗಿರುವ ಕೇಸರಗಳು ಗಂಡು ಭಾಗ. ಪ್ರತಿ ಕೇಸರದಲ್ಲಿಯೂ ದಾರದಂತಹ ಕೇಸರದಂಡ, ಅದರ ತುದಿಯಲ್ಲಿ ಪರಾಗರೇಣುಗಳನ್ನು ತುಂಬಿಕೊಂಡ ಪರಾಗಕೋಶ ಇರುತ್ತವೆ. ನಟ್ಟನಡುವೆ ಇರುವ ಶಲಾಕೆ ಹೆಣ್ಣು ಭಾಗ. ಪರಾಗವನ್ನು ಹಿಡಿದುಕೊಳ್ಳುವ ತುದಿ ಶಲಾಕಾಗ್ರ, ನಡುವಿನ ಕಂಬ ಶಲಾಕನಳಿಕೆ, ಉಬ್ಬಿದ ಬುಡ ಅಂಡಾಶಯ. ಅಂಡಾಶಯದ ಒಳಗೆ ಅಂಡಕಗಳಿರುತ್ತವೆ. ಮುಂದೆ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಿಯಾಗುತ್ತದೆ.

ಸಾಸಿವೆ, ಬಟಾಣಿ, ದಾಸವಾಳಗಳಲ್ಲಿ ದಳ ಮತ್ತು ಕೇಸರಗಳು ಅಂಡಾಶಯದ ಬುಡದಿಂದ ಹೊರಡುತ್ತವೆ. ಆದ್ದರಿಂದ ಅಂಡಾಶಯವು ಅವುಗಳ ನಡುವೆ ಮೇಲೆದ್ದು ಕಾಣುತ್ತದೆ. ಇದನ್ನು ಉಚ್ಚ ಅಂಡಾಶಯ ಎನ್ನುತ್ತಾರೆ. ಕುಂಬಳ, ಸೌತೆ, ಸೀಬೆ, ಸೇಬುಗಳಲ್ಲಿ ದಳಗಳು ಅಂಡಾಶಯದ ನೆತ್ತಿಯ ಮೇಲೆ ಕುಳಿತಿರುತ್ತವೆ. ಇದು ನೀಚ ಅಂಡಾಶಯ. ಇಲ್ಲಿ ಉಚ್ಚ, ನೀಚ ಎಂಬುವು ಕೇವಲ ಸ್ಥಾನವನ್ನು ಹೇಳುವ ಮಾತುಗಳು. ಸೀಬೆಹಣ್ಣಿನ ತುದಿಯಲ್ಲಿರುವ ಒಣಗಿದ ಕಿರೀಟವನ್ನು ಒಮ್ಮೆ ಗಮನಿಸಿ, ಅದು ಉಳಿದುಕೊಂಡ ಪುಷ್ಪಪತ್ರ. ಹೂ ಅಂಡಾಶಯದ ಮೇಲಿತ್ತು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಇನ್ನು ಕುಂಬಳವು ಏಕಲಿಂಗಿ ಹೂಗಳ ಸಸ್ಯ. ಒಂದೇ ಬಳ್ಳಿಯಲ್ಲಿ ಗಂಡು ಹೂಗಳೂ ಹೆಣ್ಣು ಹೂಗಳೂ ಬೇರೆಬೇರೆಯಾಗಿ ಅರಳುತ್ತವೆ ಮತ್ತು ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬರುತ್ತವೆ. ಉದ್ದ ತೊಟ್ಟಿನ ನಿಮ್ಮ ಮೊದಲ ಹೂಗಳೆಲ್ಲ ಗಂಡು. ಅವು ಕಾಯಿ ಬಿಡದೆ ಉದುರುವುದು ಸಹಜ. ಹೆಣ್ಣು ಹೂವಿನ ಹೀಚು ಉದುರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪರಾಗ ತಲುಪಿಲ್ಲ ಎಂಬುದನ್ನು. ಅಂಡಕದೊಳಗೆ ನಿಷೇಚನ, ಅಂದರೆ ಗಂಡು ಮತ್ತು ಹೆಣ್ಣು ಕೋಶಗಳ ಕೂಡುವಿಕೆ, ನಡೆದು ಬೀಜ ಬೆಳೆಯತೊಡಗಿದಾಗ ಆ ಎಳೆಯ ಬೀಜಗಳಿಂದ ಹೊರಡುವ ಹಾರ್ಮೋನುಗಳು ಅಂಡಾಶಯದ ಗೋಡೆಗೆ ಬೆಳೆಯುವ ಸೂಚನೆ ಕೊಡುತ್ತವೆ. ಆ ಸೂಚನೆ ಬಾರದಿದ್ದರೆ ಬಳ್ಳಿ ಆ ಹೀಚಿಗೆ ಆಹಾರ ಕಳಿಸುವುದನ್ನು ನಿಲ್ಲಿಸಿ ಅದನ್ನು ಕಳಚಿಕೊಳ್ಳುತ್ತದೆ.

ಜೇನುಗೂಡು

ಮೇಡಂ ಹೇಳಿದ್ದಕ್ಕೆ ಕೈಗೆ ಸಿಗುವ ಒಂದೆರಡು ವಿವರಗಳನ್ನು ಸೇರಿಸುತ್ತೇನೆ. ನಾನು ಜೇನು ಸಾಕುವವನು, ಕುಂಬಳದ ಹೂಗಳ ಮುಂದೆ ಎಷ್ಟೋ ಮುಂಜಾವುಗಳನ್ನು ಕಳೆದಿದ್ದೇನೆ.

ಗಂಡು ಹೂವನ್ನು ಸೀಳಿ ನೋಡಿದರೆ ನಡುವೆ ಒಂದೇ ಒಂದು ಹಳದಿ ಕಂಬ ಕಾಣುತ್ತದೆ. ಅದು ಒಂದೇ ಕೇಸರವಲ್ಲ, ಪರಾಗಕೋಶಗಳು ಪರಸ್ಪರ ಹೆಣೆದುಕೊಂಡು ಕಂಬದಂತಾಗಿರುವುದು. ಬುಡದಲ್ಲಿ ಕೇಸರದಂಡಗಳ ನಡುವೆ ಸಣ್ಣ ಸಂದುಗಳಿವೆ, ಮಕರಂದ ಇರುವುದು ಅದರ ಅಡಿಯ ಬಟ್ಟಲಿನಲ್ಲಿ. ಜೇನ್ನೊಣ ಆ ಸಂದಿಗೆ ನಾಲಿಗೆ ಚಾಚಲು ಕಂಬದ ಬದಿಗೆ ಮೈ ಒತ್ತಿ ತಲೆ ತಗ್ಗಿಸಲೇಬೇಕು. ಹೊರಬರುವಾಗ ಅದರ ಬೆನ್ನು, ಎದೆ, ಕಾಲುಗಳೆಲ್ಲ ಅರಿಸಿನ ಚೆಲ್ಲಿದಂತೆ ಹಳದಿಯಾಗಿರುತ್ತವೆ. ಹೆಣ್ಣು ಹೂವಿನಲ್ಲಿ ಮಕರಂದವು ಶಲಾಕನಳಿಕೆಯ ಬುಡದ ಸುತ್ತ ಉಂಗುರದಂತೆ ಇರುತ್ತದೆ. ಅದಕ್ಕಾಗಿ ನೊಣ ಸುತ್ತುವಾಗ ಮೂರು ಕವಲಿನ, ಅಂಟಂಟಾದ ಶಲಾಕಾಗ್ರಕ್ಕೆ ಮೈ ಉಜ್ಜುತ್ತದೆ. ಪರಾಗ ದಪ್ಪ ಮತ್ತು ಅಂಟು, ಗಾಳಿಗೆ ಹಾರುವಂಥದ್ದಲ್ಲ. ಆದುದರಿಂದ ನೊಣ ಬಾರದಿದ್ದರೆ ಕುಂಬಳಕ್ಕೆ ಬೇರೆ ದಾರಿಯಿಲ್ಲ.

ಹೆಣ್ಣು ಹೂ ತೆರೆದಿರುವುದು ಒಂದೇ ಒಂದು ಬೆಳಿಗ್ಗೆ. ಬೆಳಕು ಹರಿಯುವ ಹೊತ್ತಿಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಆ ಕೆಲವು ಗಂಟೆಗಳಲ್ಲಿ ಮಳೆ ಬಂದರೆ, ಮೋಡ ಕವಿದು ನೊಣಗಳು ಹೊರಡದಿದ್ದರೆ ಅಥವಾ ಅಕ್ಕಪಕ್ಕದಲ್ಲಿ ಯಾರಾದರೂ ಕೀಟನಾಶಕ ಹೊಡೆದಿದ್ದರೆ ಅವಕಾಶ ಮುಗಿಯಿತು. ಔಷಧ ಹೊಡೆಯಲೇಬೇಕಿದ್ದರೆ ಹೂಗಳೆಲ್ಲ ಮುಚ್ಚಿದ ಸಂಜೆಯಲ್ಲಿ ಹೊಡೆಯಿರಿ ಎಂದು ಎಲ್ಲರಲ್ಲಿಯೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಿತ್ತಲಗಿಡ ಅವರೇ, ನೀವು ಕೈಯಿಂದಲೇ ಪರಾಗಸ್ಪರ್ಶ ಮಾಡಿ ನೋಡಿ. ಮರುದಿನ ಅರಳಲಿರುವ ಮೊಗ್ಗು ಹಿಂದಿನ ಸಂಜೆಯೇ ತುದಿಯಲ್ಲಿ ಹಳದಿಯಾಗಿರುತ್ತದೆ, ಗುರುತಿಸಿಟ್ಟುಕೊಳ್ಳಿ. ಬೆಳಿಗ್ಗೆ ಆಗಷ್ಟೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ದಳಗಳನ್ನು ಬಿಡಿಸಿ, ಒಳಗಿನ ಕಂಬವನ್ನು ಹೆಣ್ಣು ಹೂವಿನ ಶಲಾಕಾಗ್ರದ ಮೂರೂ ಕವಲುಗಳಿಗೆ ಮೃದುವಾಗಿ ಸವರಿ. ಒಂದೇ ಗಂಡು ಹೂವಿಗೆ ನಿಲ್ಲಿಸದೆ ಎರಡು ಮೂರು ಹೂಗಳನ್ನು ಬಳಸುವುದು ಒಳ್ಳೆಯದು.

ವಿಜ್ಞಾನ ವಿದ್ಯಾರ್ಥಿ

ತುಂಬ ಉಪಯುಕ್ತವಾದ ಚರ್ಚೆ. ನನ್ನದೊಂದು ಪ್ರಶ್ನೆ. ಪರಾಗರೇಣುವೇ ಗಂಡು ಲಿಂಗಾಣು, ಅಂದರೆ ಹೆಣ್ಣು ಕೋಶದೊಂದಿಗೆ ಕೂಡುವ ಗಂಡು ಕೋಶ, ಎಂದು ನಾನು ಬರೆದ ಉತ್ತರಕ್ಕೆ ಅಂಕ ಸಿಗಲಿಲ್ಲ. ಪರಾಗ ಶಲಾಕಾಗ್ರದ ಮೇಲೆ ಬಿದ್ದು, ನಳಿಕೆಯೊಳಗೆ ಜಾರಿ, ಅಂಡಾಶಯ ತಲುಪುತ್ತದೆ ಎಂದೂ ಬರೆದಿದ್ದೆ. ಅದೂ ತಪ್ಪಂತೆ. ಎಲ್ಲಿ ತಪ್ಪಿದೆ ಎಂದು ಯಾರಾದರೂ ವಿವರಿಸುವಿರಾ?

ಸಸ್ಯಬೋಧಕಿ

ಎರಡೂ ತಪ್ಪುಗಳು ಬಹಳ ಸಾಮಾನ್ಯವಾದವು, ಮತ್ತು ಅವುಗಳನ್ನು ತಿದ್ದಿಕೊಂಡರೆ ಹೂವಿನ ಕಾರ್ಯವಿಧಾನದ ಅತ್ಯಂತ ಸುಂದರವಾದ ಭಾಗ ತೆರೆದುಕೊಳ್ಳುತ್ತದೆ. ಹೀಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪರಾಗರೇಣು ಲಿಂಗಾಣುವಲ್ಲ. ಲಿಂಗಾಣುಗಳನ್ನು ತಯಾರಿಸಿ ಸಾಗಿಸುವ, ಎರಡು ಮೂರು ಕೋಶಗಳಷ್ಟೇ ಇರುವ ಒಂದು ಪುಟ್ಟ ದೇಹ ಅದು. ಅದರ ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ವಸ್ತುವಿನಿಂದಾಗಿದೆ. ಪ್ರಬಲ ಆಮ್ಲಕ್ಕೂ ಬಗ್ಗದ ಈ ಗೋಡೆಯ ಕಾರಣದಿಂದಲೇ ಲಕ್ಷಾಂತರ ವರ್ಷಗಳ ಹಿಂದಿನ ಪರಾಗ ಕೆಸರಿನ ಪದರಗಳಲ್ಲಿ ಇಂದಿಗೂ ಗುರುತು ಹಿಡಿಯುವಂತೆ ಉಳಿದಿದೆ. ಗೋಡೆಯ ಒಳಗೆ ಒಂದು ದೊಡ್ಡ ನಳಿಕಾಕೋಶ, ಅದರೊಳಗೆ ಒಂದು ಚಿಕ್ಕ ಜನಕ ಕೋಶ. ಈ ಚಿಕ್ಕ ಕೋಶ ಇಬ್ಭಾಗವಾದಾಗ ಎರಡು ಗಂಡು ಲಿಂಗಾಣುಗಳಾಗುತ್ತವೆ.

ಪರಾಗ ಎಲ್ಲಿಗೂ ಜಾರುವುದಿಲ್ಲ. ಬಹುತೇಕ ಹೂಗಳಲ್ಲಿ ಶಲಾಕನಳಿಕೆ ಎಂಬುದು ಹೆಸರಿಗೆ ನಳಿಕೆಯಾದರೂ ಒಳಗೆ ಮೃದು ಅಂಗಾಂಶ ತುಂಬಿರುತ್ತದೆ. ಟೊಳ್ಳಾಗಿರುವ ಹೂಗಳಲ್ಲಿಯೂ ರೇಣು ತಾನೇ ಕೆಳಗೆ ಬೀಳುವುದಿಲ್ಲ. ರೇಣು ಶಲಾಕಾಗ್ರದ ಮೇಲೆಯೇ ನಿಂತು, ಅಲ್ಲಿನ ತೇವ ಹೀರಿ, ಗೋಡೆಯ ತೆಳುವಾದ ಜಾಗದಿಂದ ಒಂದು ಎಳೆಯನ್ನು ಹೊರಚಾಚುತ್ತದೆ. ಇದೇ ಪರಾಗನಳಿಕೆ. ಈ ನಳಿಕೆ ತುದಿಯಲ್ಲಿ ಮಾತ್ರ ಬೆಳೆಯುತ್ತ, ಎರಡು ಲಿಂಗಾಣುಗಳನ್ನು ತನ್ನೊಳಗೆ ಹೊತ್ತು, ಶಲಾಕೆಯ ಅಂಗಾಂಶದ ನಡುವೆ ದಾರಿ ಮಾಡಿಕೊಂಡು ಅಂಡಾಶಯಕ್ಕೆ ಇಳಿಯುತ್ತದೆ. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ಕಾಣುವ ರೇಷ್ಮೆಯಂಥ ಕೂದಲು ಒಂದೊಂದೂ ಒಂದೊಂದು ಹೂವಿನ ಶಲಾಕೆ, ಒಂದು ಕೂದಲಿಗೆ ಒಂದು ಕಾಳು. ಆ ಕೂದಲು 30 ಸೆಂಟಿಮೀಟರಿನಷ್ಟು ಉದ್ದವಿರಬಲ್ಲದು, ಪರಾಗನಳಿಕೆ ಅಷ್ಟೂ ದೂರವನ್ನು ಸುಮಾರು ಒಂದು ದಿನದಲ್ಲಿ ಕ್ರಮಿಸುತ್ತದೆ. ಪರಾಗದ ಗಾತ್ರಕ್ಕೆ ಹೋಲಿಸಿದರೆ ಇದು ಬೆರಗು ಹುಟ್ಟಿಸುವ ಪ್ರಯಾಣ. ಇದಕ್ಕೆ ವಿರುದ್ಧವಾಗಿ ಕೆಲವು ಓಕ್ ಮರಗಳಲ್ಲಿ ನಳಿಕೆ ನಡುದಾರಿಯಲ್ಲಿ ನಿಂತು ಕಾಯುತ್ತದೆ, ಪರಾಗಸ್ಪರ್ಶಕ್ಕೂ ನಿಷೇಚನಕ್ಕೂ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಅಂಡಕದೊಳಗೆ ಭ್ರೂಣಸಂಚಿ ಇರುತ್ತದೆ. ಹೆಚ್ಚಿನ ಸಸ್ಯಗಳಲ್ಲಿ ಅದರೊಳಗೆ 7 ಕೋಶಗಳು, 8 ಕೋಶಕೇಂದ್ರಗಳು. ಅಂಡಕದ ಸಣ್ಣ ರಂಧ್ರದ ಬಳಿ ಹೆಣ್ಣು ಲಿಂಗಾಣುವಾದ ಅಂಡಾಣು ಮತ್ತು ಅದರ ಎರಡು ಬದಿಗೆ ಸಹಾಯಕ ಕೋಶಗಳು, ಎದುರು ತುದಿಯಲ್ಲಿ ಮೂರು ಕೋಶಗಳು, ನಡುವೆ ಎರಡು ಕೋಶಕೇಂದ್ರಗಳಿರುವ ದೊಡ್ಡ ಕೇಂದ್ರಕೋಶ. ನಳಿಕೆಗೆ ದಾರಿ ತೋರುವವರು ಈ ಸಹಾಯಕ ಕೋಶಗಳು. ಜಪಾನಿನ ತೆತ್ಸುಯಾ ಹಿಗಶಿಯಾಮಾ ಮತ್ತು ಸಂಗಡಿಗರು ಭ್ರೂಣಸಂಚಿ ಅಂಡಕದಿಂದ ಹೊರಚಾಚಿರುವ ಟೊರೆನಿಯಾ ಎಂಬ ಗಿಡವನ್ನು ಆರಿಸಿಕೊಂಡು, ಲೇಸರಿನಿಂದ ಒಂದೊಂದೇ ಕೋಶವನ್ನು ನಾಶಮಾಡಿ ನೋಡಿದರು. ಎರಡೂ ಸಹಾಯಕ ಕೋಶಗಳು ಹೋದಾಗ ಮಾತ್ರ ನಳಿಕೆ ದಾರಿ ತಪ್ಪಿತು. ಅದು 2001ರ ಮಾತು. 2009ರಲ್ಲಿ ಅದೇ ತಂಡ ಆ ಕೋಶಗಳು ಸ್ರವಿಸುವ, ನಳಿಕೆಯನ್ನು ಸೆಳೆಯುವ ಪ್ರೋಟೀನುಗಳನ್ನು ಗುರುತಿಸಿತು.

ನಳಿಕೆ ಒಂದು ಸಹಾಯಕ ಕೋಶದೊಳಗೆ ಹೊಕ್ಕು ಒಡೆಯುತ್ತದೆ. ಒಂದು ಗಂಡು ಲಿಂಗಾಣು ಅಂಡಾಣುವಿನೊಂದಿಗೆ ಸೇರಿ ಯುಗ್ಮಜವಾಗುತ್ತದೆ, ಅದು ಮುಂದಿನ ಗಿಡ. ಇನ್ನೊಂದು ಕೇಂದ್ರಕೋಶದೊಂದಿಗೆ ಸೇರಿ ಭ್ರೂಣಾಹಾರವಾಗುತ್ತದೆ, ಅದು ಆ ಗಿಡದ ಬುತ್ತಿ. ಭತ್ತ, ಗೋಧಿ, ಜೋಳಗಳ ಕಾಳಿನಲ್ಲಿ ತುಂಬಿರುವ ಹಿಟ್ಟು ಬಹುಪಾಲು ಈ ಭ್ರೂಣಾಹಾರವೇ. ಈ ಜೋಡಿ ನಿಷೇಚನವನ್ನು 1898ರಲ್ಲಿ ಸೆರ್ಗೆಯ್ ನವಾಶಿನ್ ಲಿಲ್ಲಿ ಜಾತಿಯ ಹೂಗಳಲ್ಲಿ ಮೊದಲು ಕಂಡರು.

ಅಂದಮೇಲೆ ಲೆಕ್ಕ ಸರಳವಾಗಿದೆ. ಒಂದು ಬೀಜಕ್ಕೆ ಒಂದು ಪರಾಗರೇಣು, ಒಂದು ನಳಿಕೆ. ಕುಂಬಳದ ಕಾಯಿಯಲ್ಲಿ ನೂರಾರು ಬೀಜಗಳಿದ್ದರೆ ಕನಿಷ್ಠ ನೂರಾರು ರೇಣುಗಳು ಆ ಒಂದು ಬೆಳಿಗ್ಗೆ ಶಲಾಕಾಗ್ರಕ್ಕೆ ತಲುಪಿರಲೇಬೇಕು. ಜೇನುಗೂಡು ಅವರು ಎರಡು ಮೂರು ಗಂಡು ಹೂ ಬಳಸಿ ಎಂದದ್ದರ ಹಿಂದಿನ ಕಾರಣ ಇದು.

ಬೇಸಾಯಗಾರ

ಇಷ್ಟೆಲ್ಲ ವಿವರಣೆ ಸರಿಯೇ ಇರಬಹುದು. ಆದರೆ ನನ್ನ ಅನುಭವದಲ್ಲಿ ಹೀಚು ಉದುರುವುದಕ್ಕೆ ಗೊಬ್ಬರದ ಕೊರತೆಯೇ ಮುಖ್ಯ ಕಾರಣ. ಬುಡಕ್ಕೆ ಗೊಬ್ಬರ ಕೊಟ್ಟ ಮೇಲೆ ನಮ್ಮ ಬಳ್ಳಿಗಳಲ್ಲಿ ಕಾಯಿ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸಸ್ಯಬೋಧಕಿ

ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ನೀರು, ಪೋಷಕಾಂಶಗಳು ಸಾಲದಿದ್ದಾಗ ಅಥವಾ ಬಳ್ಳಿಯ ಮೇಲೆ ಆಗಲೇ ಹೆಚ್ಚು ಕಾಯಿಗಳಿದ್ದಾಗ ಪರಾಗಸ್ಪರ್ಶವಾದ ಹೀಚುಗಳೂ ಉದುರುತ್ತವೆ. ಆದರೆ ಗೊಬ್ಬರ ಹಾಕಿದ ವಾರಗಳಲ್ಲಿಯೇ ಗಂಡು ಹೂ, ಹೆಣ್ಣು ಹೂ ಒಟ್ಟಿಗೆ ಅರಳಿ, ನೊಣಗಳ ಓಡಾಟವೂ ಹೆಚ್ಚಿರಬಹುದು. ಎರಡು ಬದಲಾವಣೆಗಳು ಒಟ್ಟಿಗೆ ಆದಾಗ ಫಲ ಯಾವುದರಿಂದ ಬಂತು ಎಂದು ಹೇಳಲಾಗದು. ಸಾರಜನಕ ಅತಿಯಾದರೆ ಎಲೆ ಸೊಕ್ಕಿ ಹೂ ಕಡಿಮೆಯಾಗುವುದೂ ಉಂಟು.

ಹಿತ್ತಲಗಿಡ ಅವರಿಗೆ ನನ್ನ ಸಲಹೆ ಏನೆಂದರೆ, ಗೊಬ್ಬರವನ್ನು ಈಗಿರುವಂತೆಯೇ ಬಿಟ್ಟು, ಒಂದೇ ಬಳ್ಳಿಯ ಮೂರು ಹೆಣ್ಣು ಮೊಗ್ಗುಗಳ ಬಾಯಿಯನ್ನು ಹಿಂದಿನ ಸಂಜೆ ನೂಲಿನಿಂದ ಸಡಿಲವಾಗಿ ಕಟ್ಟಿ. ಬೆಳಿಗ್ಗೆ ಬಿಚ್ಚಿ ಒಂದಕ್ಕೆ ಪರಾಗವನ್ನು ಧಾರಾಳವಾಗಿ ಸವರಿ, ಇನ್ನೊಂದಕ್ಕೆ ಶಲಾಕಾಗ್ರದ ಒಂದು ಕವಲಿಗೆ ಮಾತ್ರ ಸ್ವಲ್ಪ ಮುಟ್ಟಿಸಿ, ಮೂರನೆಯದಕ್ಕೆ ಏನೂ ಮಾಡದೆ, ಎಲ್ಲವನ್ನೂ ಮತ್ತೆ ಕಟ್ಟಿಬಿಡಿ. ಬಳ್ಳಿಯೇ ಉತ್ತರ ಹೇಳುತ್ತದೆ.

ಹಳೆಯ ಓದುಗ

ಈ ಬಗೆಯ ಪರೀಕ್ಷೆಗೆ ದೊಡ್ಡ ಪರಂಪರೆಯೇ ಇದೆ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿದ್ದ ಕ್ಯಾಮರೇರಿಯಸ್ 1694ರಲ್ಲಿ ಪ್ರಕಟಿಸಿದ ಪತ್ರದಲ್ಲಿ, ಹರಳು ಗಿಡದ ಗಂಡು ಹೂಗಳನ್ನು ಪರಾಗಕೋಶ ಒಡೆಯುವ ಮೊದಲೇ ಚಿವುಟಿ ತೆಗೆದಾಗ ಸಫಲ ಬೀಜಗಳು ಆಗಲಿಲ್ಲ ಎಂದೂ, ಮೆಕ್ಕೆಜೋಳದ ರೇಷ್ಮೆಯನ್ನು ಕತ್ತರಿಸಿದಾಗ ಕಾಳು ಕಟ್ಟಲಿಲ್ಲ ಎಂದೂ ದಾಖಲಿಸಿದ. ಸಸ್ಯಗಳಲ್ಲಿ ಗಂಡು ಹೆಣ್ಣು ಎಂಬುದು ಬರಿಯ ಹೋಲಿಕೆಯಲ್ಲ, ನಿಜ ಎಂದು ಪ್ರಯೋಗದಿಂದ ತೋರಿಸಿದವರಲ್ಲಿ ಅವನು ಮೊದಲಿಗ. ಪರಾಗನಳಿಕೆಯನ್ನು ಕಂಡದ್ದು ಇಟಲಿಯ ಅಮಿಚಿ, 1824ರಲ್ಲಿ. ಆನಂತರವೂ ಭ್ರೂಣವು ಪರಾಗನಳಿಕೆಯ ತುದಿಯೇ, ಅಂಡಕ ಅದಕ್ಕೆ ಬರಿಯ ತೊಟ್ಟಿಲು ಎಂದು ಶ್ಲೈಡನ್‌ನಂತಹ ಹೆಸರಾಂತ ವಿಜ್ಞಾನಿಯೇ ಹಟ ಹಿಡಿದಿದ್ದ. ಆರ್ಕಿಡ್ ಹೂಗಳನ್ನು ಪರೀಕ್ಷಿಸಿ ಆ ವಾದವನ್ನು ಬೀಳಿಸಿದವನೂ ಅಮಿಚಿಯೇ.

ಕೈಯಿಂದ ಪರಾಗಸ್ಪರ್ಶ ಎಂದಾಗ ವೆನಿಲ್ಲಾ ನೆನಪಾಗದೆ ಇರದು. ಅದರ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳು ಒಂದೇ ಸ್ತಂಭದಲ್ಲಿದ್ದರೂ ನಡುವೆ ಒಂದು ತೆಳು ಪರದೆ ಇದೆ. ಮೂಲ ನೆಲೆಯಿಂದ ದೂರ ಒಯ್ದ ಬಳ್ಳಿಗಳು ಹೂ ಬಿಟ್ಟರೂ ಕಾಯಿ ಬಿಡುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮಗಿರಿಯಲ್ಲಿದ್ದ ಎಡ್ಮಂಡ್ ಎಂಬ 12 ವರ್ಷದ ಹುಡುಗ ಸಣ್ಣ ಕಡ್ಡಿಯಿಂದ ಆ ಪರದೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಶಲಾಕಾಗ್ರಕ್ಕೆ ಒತ್ತುವ ವಿಧಾನವನ್ನು ಕಂಡುಕೊಂಡ. ಇಂದಿಗೂ ವೆನಿಲ್ಲಾ ಬೆಳೆಯುವವರು ಮಾಡುವುದು ಅದನ್ನೇ. ಆ ಹುಡುಗನ ಹೆಸರು ಪಠ್ಯಗಳಲ್ಲಿ ಇರಬೇಕಾದಷ್ಟು ಇಲ್ಲ ಎಂಬ ನೋವು ನನಗಿದೆ.

ವಿಜ್ಞಾನ ವಿದ್ಯಾರ್ಥಿ

ಧನ್ಯವಾದಗಳು ಮೇಡಂ. ಇನ್ನೊಂದು ಸಂದೇಹ. ದಾಸವಾಳ ದ್ವಿಲಿಂಗಿ ಹೂವಿಗೆ ಉದಾಹರಣೆ ಎಂದು ಓದುತ್ತೇವೆ. ಎರಡೂ ಭಾಗಗಳು ಒಂದೇ ಹೂವಿನಲ್ಲಿದ್ದರೂ ಮನೆಯ ದಾಸವಾಳ ಒಂದು ಕಾಯಿಯನ್ನೂ ಬಿಡುವುದಿಲ್ಲವೇಕೆ?

ಸಸ್ಯಬೋಧಕಿ

ಒಂದು ದಾಸವಾಳವನ್ನೂ ಒಂದು ಬೆಂಡೆಯ ಹೂವನ್ನೂ ಪಕ್ಕಪಕ್ಕದಲ್ಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಇವೆರಡೂ ಒಂದೇ ಕುಟುಂಬದವು. ಎರಡರಲ್ಲಿಯೂ ಕೇಸರದಂಡಗಳು ಕೂಡಿ ಒಂದು ಕೊಳವೆಯಾಗಿವೆ, ಅದರೊಳಗಿಂದ ಶಲಾಕನಳಿಕೆ ಹಾದುಹೋಗಿದೆ. ದಾಸವಾಳದಲ್ಲಿ ಅದು ಕೊಳವೆಯ ತುದಿಯನ್ನು ದಾಟಿ, ಐದು ಕವಲಾಗಿ, ಐದು ಮಖಮಲ್ಲಿನ ಗುಂಡುಗಳಲ್ಲಿ ಕೊನೆಗೊಳ್ಳುತ್ತದೆ. ಬುಡದ ಅಂಡಾಶಯವನ್ನು ಅಡ್ಡಲಾಗಿ ಕತ್ತರಿಸಿದರೆ ಐದು ಕೋಣೆಗಳು, ಅವುಗಳಲ್ಲಿ ಬಿಳಿಯ ಮಣಿಗಳಂತಹ ಅಂಡಕಗಳು ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿದಾಗ ಕಾಣುವ ಐದು ಮೂಲೆಯ ನಕ್ಷತ್ರ ಇದೇ ರಚನೆ ದೊಡ್ಡದಾದದ್ದು.

ಬೆಂಡೆಯಲ್ಲಿ ಪರಾಗಕೋಶ ಮತ್ತು ಶಲಾಕಾಗ್ರ ಹತ್ತಿರದಲ್ಲಿದ್ದು ಸ್ವಕೀಯ ಪರಾಗಸ್ಪರ್ಶ ಸುಲಭವಾಗಿ ನಡೆಯುತ್ತದೆ. ದಾಸವಾಳದಲ್ಲಿ ಅವು ದೂರವಿವೆ. ಅಷ್ಟೇ ಅಲ್ಲ, ಕೈತೋಟದ ದಾಸವಾಳಗಳು ಬಹುಮಟ್ಟಿಗೆ ಮಿಶ್ರತಳಿಗಳು, ಕಡ್ಡಿ ನೆಟ್ಟು ಬೆಳೆಸಿಕೊಂಡು ಬಂದವು. ಇವುಗಳಲ್ಲಿ ಆನುವಂಶಿಕ ಗುಣಗಳನ್ನು ಹೊರುವ ವರ್ಣತಂತುಗಳ ಜೊತೆಗಳು ಹಲವು ಪಟ್ಟಾಗಿದ್ದು ಲಿಂಗಾಣುಗಳು ಸರಿಯಾಗಿ ರೂಪುಗೊಳ್ಳುವುದು ಕಷ್ಟ. ಬಹುದಳದ ದಾಸವಾಳದಲ್ಲಿಯಂತೂ ಅನೇಕ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಹುಡುಕಿದರೆ ಅರ್ಧ ದಳ, ಅರ್ಧ ಪರಾಗಕೋಶವಾಗಿರುವ ತುಣುಕುಗಳೂ ಸಿಗುತ್ತವೆ. ಇಂಥ ಒಂದನ್ನು ಕೈಯಲ್ಲಿ ಹಿಡಿದ ದಿನ, ಹೂವಿನ ಭಾಗಗಳೆಲ್ಲ ಒಂದೇ ಮೂಲದ ಬೇರೆ ಬೇರೆ ರೂಪಗಳು ಎಂಬ ಮಾತು ನನಗೆ ನಿಜವಾಗಿ ಅರ್ಥವಾಯಿತು.

ದ್ವಿಲಿಂಗಿಯಾದ ಮಾತ್ರಕ್ಕೆ ಹೂ ತನ್ನದೇ ಪರಾಗವನ್ನು ಒಪ್ಪಬೇಕೆಂದಿಲ್ಲ. ಅನೇಕ ಸಸ್ಯಗಳ ಶಲಾಕೆ ತನ್ನದೇ ಗಿಡದ ಪರಾಗವನ್ನು ಗುರುತಿಸಿ ನಳಿಕೆಯ ಬೆಳವಣಿಗೆಯನ್ನು ತಡೆಯುತ್ತದೆ. ಬೆಣ್ಣೆಹಣ್ಣಿನ ಹೂ ಎರಡು ಬಾರಿ ತೆರೆಯುತ್ತದೆ, ಮೊದಲ ದಿನ ಹೆಣ್ಣಾಗಿ, ಮರುದಿನ ಗಂಡಾಗಿ. ಸೂರ್ಯಕಾಂತಿಯ ತಟ್ಟೆಯ ಒಂದೊಂದು ಕಿರುಹೂವಿನಲ್ಲಿಯೂ ಮೊದಲು ಪರಾಗ ಹೊರಬರುತ್ತದೆ, ಆಮೇಲಷ್ಟೇ ಶಲಾಕಾಗ್ರದ ಎರಡು ಕವಲುಗಳು ಬಿಚ್ಚಿಕೊಳ್ಳುತ್ತವೆ.

ಮನೆಯಲ್ಲಿಯೇ ನೋಡಬಹುದಾದ ಒಂದು ಪ್ರಯೋಗ. ಬಟಾಣಿ ಅಥವಾ ನಿತ್ಯಪುಷ್ಪದ ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಶೇಕಡ 10ರ ಸಕ್ಕರೆ ದ್ರಾವಣದ ಹನಿಯಲ್ಲಿ ಉದುರಿಸಿ, 15ರಿಂದ 30 ನಿಮಿಷಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿ. ರೇಣುಗಳಿಂದ ನಳಿಕೆಗಳು ಹೊರಬರುವುದನ್ನು ಕಾಣಬಹುದು. ಪರಾಗ ತಾಜಾ ಇರಲಿ. ಭತ್ತ, ಗೋಧಿಗಳ ಪರಾಗವಂತೂ ಹೊರಬಿದ್ದ ಅರ್ಧ ಗಂಟೆಯಲ್ಲಿಯೇ ಜೀವ ಕಳೆದುಕೊಳ್ಳುತ್ತದೆ.

ಹಿತ್ತಲಗಿಡ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಡಂ ಹೇಳಿದಂತೆ ಮೂರು ಮೊಗ್ಗುಗಳಿಗೆ ನೂಲು ಕಟ್ಟಿ ಮಾಡಿದೆ. ಬೆಳಿಗ್ಗೆ ನೂಲು ಬಿಚ್ಚಿದಾಗ ಶಲಾಕಾಗ್ರ ಒದ್ದೆ ಒದ್ದೆಯಾಗಿ ಹೊಳೆಯುತ್ತಿತ್ತು, ಪರಾಗ ಸವರಿದೊಡನೆ ಹಳದಿ ಪುಡಿ ಮೆತ್ತಿಕೊಂಡು ಅದರ ಹೊಳಪು ಮಾಯವಾಯಿತು.

ಏನೂ ಸವರದ ಹೂವಿನ ಹೀಚು ಐದನೆಯ ದಿನ ಹಳದಿಯಾಗಿ ಬಿತ್ತು. ಉದುರಿದ್ದನ್ನು ಸೀಳಿ ನೋಡಿದೆ, ಒಳಗೆ ಅಂಡಕಗಳು ಹೂ ಅರಳಿದ ದಿನ ಇದ್ದಷ್ಟೇ ಸಣ್ಣದಾಗಿ ಸಾಲಾಗಿ ಕುಳಿತಿದ್ದವು. ಮೂರು ಗಂಡು ಹೂಗಳಿಂದ ಧಾರಾಳವಾಗಿ ಸವರಿದ್ದು ಈಗ ಎರಡು ಮುಷ್ಟಿ ಗಾತ್ರಕ್ಕೆ ಬಂದಿದೆ, ಎಲ್ಲ ಕಡೆಯೂ ಸಮನಾಗಿ ದುಂಡಗಿದೆ. ಒಂದು ಕವಲಿಗೆ ಮಾತ್ರ ಮುಟ್ಟಿಸಿದ್ದು ಉದುರಲಿಲ್ಲ. ಆದರೆ ಒಂದು ಬದಿಗೆ ಉಬ್ಬಿ ಇನ್ನೊಂದು ಬದಿಗೆ ಒಣಕಲಾಗಿ ಸೊಟ್ಟಗೆ ಬೆಳೆಯಿತು. ನಿನ್ನೆ ಅದನ್ನು ಕಿತ್ತು ಅಡ್ಡಲಾಗಿ ಕತ್ತರಿಸಿದೆ. ಉಬ್ಬಿದ ಬದಿಯಲ್ಲಿ ಬೀಜಗಳು ತುಂಬಿಕೊಳ್ಳತೊಡಗಿವೆ, ಸೊಟ್ಟ ಬದಿಯಲ್ಲಿ ಬಹುಪಾಲು ಚಪ್ಪಟೆಯಾದ ಬಿಳಿಯ ಸಿಪ್ಪೆಗಳು, ನಡುನಡುವೆ ಎಲ್ಲೋ ಒಂದೆರಡು ತುಂಬಿದ ಬೀಜ.

ಸಸ್ಯಬೋಧಕಿ

ಆ ನಡುನಡುವಿನ ಒಂದೆರಡು ಬೀಜಗಳನ್ನು ಗಮನಿಸಿದ್ದಕ್ಕೆ ಅಭಿನಂದನೆಗಳು. ಒಂದು ಕವಲಿನಿಂದ ಇಳಿದ ನಳಿಕೆಗಳೆಲ್ಲ ಅದೇ ಬದಿಯಲ್ಲಿ ಉಳಿಯಬೇಕೆಂದಿಲ್ಲ, ಕೆಲವು ಶಲಾಕೆಯ ಒಳಗೆ ಪಕ್ಕಕ್ಕೆ ದಾಟಿಕೊಳ್ಳುತ್ತವೆ. ಅವು ತಲುಪಿದ ಅಂಡಕಗಳು ಮಾತ್ರ ಅಲ್ಲಿ ಬೀಜವಾಗಿವೆ.

ಬೇಸಾಯಗಾರ

ನಾನೂ ನಮ್ಮ ಸೌತೆಯ ಬಳ್ಳಿಯಲ್ಲಿ ತುದಿ ಸಣ್ಣಗಾಗಿ ಕೊಕ್ಕೆಯಂತೆ ಬಾಗಿದ ಎರಡು ಕಾಯಿಗಳನ್ನು ಸೀಳಿ ನೋಡಿದೆ. ಬಾಗಿದ ಕಡೆ ಬೀಜವೇ ಇರಲಿಲ್ಲ. ನಾಳೆ ಸಂಜೆ ನಾಲ್ಕು ಮೊಗ್ಗುಗಳಿಗೆ ನೂಲು ಕಟ್ಟುತ್ತೇನೆ. ಎರಡು ಗೊಬ್ಬರ ಕೊಟ್ಟ ಬಳ್ಳಿಯಲ್ಲಿ, ಎರಡು ಕೊಡದ ಬಳ್ಳಿಯಲ್ಲಿ.